ಓಗೊಡುವ ಯಂತ್ರ

ಕರೆದವರಿಗೆ ಓಗೊಡುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ಹೊರಬಾಗಿಲಲ್ಲಿ ನಿಂತು ಯಾರಾದರೂ ಕೂಗಿದರೆ, ಒಳಗಿದ್ದವರು ಎಂಥ ಕೆಲಸದಲ್ಲಿಯೇ ಇರಲಿ, 'ಯಾರು? ಬಂದೆ' ಎಂದು ಒಂದು ಮಾತನ್ನಾದರೂ ಹೇಳುತ್ತಾರೆ. ಆ ಒಂದು ಮಾತಿನಿಂದ ಬಂದವರಿಗೆ ಸಮಾಧಾನವಾಗುತ್ತದೆ. ಅವರು ಜಗಲಿಯ ಮೇಲೆ ಕುಳಿತು ಕಾಯುತ್ತಾರೆ. ಒಳಗಿನಿಂದ ಸದ್ದೇ ಬಾರದಿದ್ದರೆ ಬಂದ ದಾರಿಯನ್ನೇ ಹಿಡಿಯುತ್ತಾರೆ. ವ್ಯಾಪಾರಕ್ಕೂ ಈ ಮಾತು ಸಲ್ಲುತ್ತದೆ. ಇಂದಿನ ಅಂಗಡಿಗೆ ಎರಡು ಬಾಗಿಲುಗಳಿವೆ. ಒಂದು ಬೀದಿಯ ಕಡೆಗೆ ತೆರೆಯುತ್ತದೆ. ಇನ್ನೊಂದು ದೂರವಾಣಿಯ ಮೂಲಕ ತೆರೆಯುತ್ತದೆ. ಈ ಎರಡನೆಯ ಬಾಗಿಲಲ್ಲಿ ನಿಂತು ಕರೆಯುವವರು ಕಣ್ಣಿಗೆ ಕಾಣುವುದಿಲ್ಲ. ಕಾದು ಬೇಸತ್ತು ಹಿಂದಿರುಗಿ ಹೋದಾಗಲೂ ಕಾಣುವುದಿಲ್ಲ.

ದೊಡ್ಡ ಸಂಸ್ಥೆಗಳಲ್ಲಿ ಕರೆಗಳಿಗೆ ಉತ್ತರಿಸಲೆಂದೇ ನೌಕರರಿರುತ್ತಾರೆ. ಸಣ್ಣ ಕಸುಬುದಾರನಿಗೆ ಇರುವುದು ಎರಡೇ ಕೈಗಳು. ಪಂಪ್‌ಸೆಟ್ ದುರಸ್ತಿ ಮಾಡುವವನು ಬಾವಿಯೊಳಗೆ ಇಳಿದು ಗ್ರೀಸು ಮೆತ್ತಿದ ಕೈಗಳಿಂದ ಕೆಲಸ ಮಾಡುತ್ತಿರುವಾಗ ಅವನ ಫೋನು ದಡದ ಮೇಲೆ ಗಂಟೆ ಬಾರಿಸಿ ಸುಮ್ಮನಾಗುತ್ತದೆ. ಅತ್ತ ಕಡೆಯಲ್ಲಿ ಒಣಗುತ್ತಿರುವ ಬೆಳೆಯ ನಡುವೆ ನಿಂತ ರೈತನೊಬ್ಬನು ಮೂರು ಸಲ ಪ್ರಯತ್ನಿಸಿ, ನಿರಾಶನಾಗಿ, ಬೇರೊಬ್ಬನನ್ನು ಹುಡುಕುತ್ತಾನೆ. ಇಲ್ಲಿ ನಷ್ಟವಾದುದು ಒಬ್ಬನಿಗೆ ಮಾತ್ರವಲ್ಲ. ಒಬ್ಬನಿಗೆ ಒಂದು ದಿನದ ಸಂಪಾದನೆ ಹೋಯಿತು; ಇನ್ನೊಬ್ಬನಿಗೆ ಒಂದು ದಿನದ ನೀರು ಹೋಯಿತು. ಕೈ ಬಿಡುವಿಲ್ಲದಿರುವಾಗಲೂ ಕರೆಗೆ ಓಗೊಡುವುದು ಹೇಗೆ ಎಂಬ ಪ್ರಶ್ನೆ ದೂರವಾಣಿಯಷ್ಟೇ ಹಳೆಯದು. ಅದಕ್ಕೆ ಉತ್ತರ ಕಂಡುಕೊಂಡವರಲ್ಲಿ ಕೆಲವರು ಸ್ವತಃ ಸಣ್ಣ ವ್ಯಾಪಾರಿಗಳೇ ಆಗಿದ್ದುದು ಗಮನಾರ್ಹವಾದ ಸಂಗತಿ.

1876ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ತನ್ನ ದೂರವಾಣಿಯ ಮೂಲಕ ಮೊದಲ ಮಾತುಗಳನ್ನಾಡಿದನು. ಆರಂಭದಲ್ಲಿ ಎರಡು ಉಪಕರಣಗಳ ನಡುವೆ ತಂತಿಯನ್ನೆಳೆದು ಮಾತನಾಡುತ್ತಿದ್ದರು. ಆದರೆ ಒಂದು ಊರಿನಲ್ಲಿ ನೂರು ಮನೆಗಳಿದ್ದು, ಪ್ರತಿಯೊಂದು ಮನೆಯಿಂದಲೂ ಉಳಿದ ಎಲ್ಲ ಮನೆಗಳಿಗೂ ತಂತಿ ಎಳೆಯಬೇಕಾದರೆ 4,950 ತಂತಿಗಳು ಬೇಕಾಗುತ್ತವೆ. ಎಲ್ಲ ಮನೆಗಳ ತಂತಿಗಳನ್ನೂ ಒಂದೇ ಕೇಂದ್ರಕ್ಕೆ ತಂದು, ಬೇಕಾದವರಿಗೆ ಬೇಕಾದಾಗ ಜೋಡಿಸಿಕೊಟ್ಟರೆ ನೂರೇ ತಂತಿಗಳು ಸಾಕು. ಹೀಗೆ ದೂರವಾಣಿ ವಿನಿಮಯ ಕೇಂದ್ರಗಳು ಹುಟ್ಟಿಕೊಂಡವು. 1878ರ ಜನವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಪಟ್ಟಣದಲ್ಲಿ 21 ಚಂದಾದಾರರಿಗಾಗಿ ಇಂಥ ಕೇಂದ್ರವೊಂದು ಪ್ರಾರಂಭವಾಯಿತು. ಭಾರತದಲ್ಲಿ 1882ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸು ನಗರಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು.

ಈ ಕೇಂದ್ರಗಳಲ್ಲಿ ತಂತಿಗಳನ್ನು ಜೋಡಿಸುವ ಕೆಲಸವನ್ನು ಮನುಷ್ಯರೇ ಮಾಡಬೇಕಾಗಿದ್ದಿತು. ಮೊದಲು ಹುಡುಗರನ್ನು ಈ ಕೆಲಸಕ್ಕೆ ನೇಮಿಸಿದರು. ಅವರ ಒರಟುತನದಿಂದ ಚಂದಾದಾರರು ಬೇಸರಗೊಂಡರು. 1878ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬ ಮಹಿಳೆ ಈ ಕೆಲಸಕ್ಕೆ ಸೇರಿದಳು. ಅಲ್ಲಿಂದ ಮುಂದೆ ಇದು ಬಹುಮಟ್ಟಿಗೆ ಮಹಿಳೆಯರ ಉದ್ಯೋಗವಾಯಿತು. ಸಣ್ಣ ಊರುಗಳಲ್ಲಿ ಈ ನಿರ್ವಾಹಕಿಗೆ ಎಲ್ಲರ ಪರಿಚಯವಿರುತ್ತಿದ್ದಿತು. ವೈದ್ಯರು ಮನೆಯಲ್ಲಿಲ್ಲದಿದ್ದರೆ ಅವರು ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂಬುದನ್ನು ಅವಳೇ ತಿಳಿಸುತ್ತಿದ್ದಳು. ಹೀಗೆ ಕರೆಗೆ ಉತ್ತರಿಸುವ ಮೊದಲ ವ್ಯವಸ್ಥೆ ಯಂತ್ರವಾಗಿರಲಿಲ್ಲ. ನೆನಪೂ ವಿವೇಕವೂ ಉಳ್ಳ ಒಬ್ಬ ವ್ಯಕ್ತಿಯಾಗಿದ್ದಿತು.

ಆದರೆ ಎಲ್ಲವೂ ಒಬ್ಬ ವ್ಯಕ್ತಿಯ ಕೈಯಲ್ಲಿದ್ದಾಗ ಪಕ್ಷಪಾತದ ಸಂದೇಹವೂ ಹುಟ್ಟುತ್ತದೆ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬಾತನಿದ್ದನು. ಮೃತರ ಅಂತ್ಯಸಂಸ್ಕಾರಕ್ಕೆ ಬೇಕಾದ ಏರ್ಪಾಡುಗಳನ್ನು ಮಾಡಿಕೊಡುವುದು ಆತನ ಕಸುಬು. ಅದೇ ಊರಿನಲ್ಲಿ ಇದೇ ಕಸುಬಿನ ಇನ್ನೊಬ್ಬನಿದ್ದನೆಂದೂ, ಅವನ ಹೆಂಡತಿಯೇ ವಿನಿಮಯ ಕೇಂದ್ರದಲ್ಲಿ ಕೆಲಸಕ್ಕಿದ್ದು, ಸ್ಟ್ರೌಜರನನ್ನು ಕೇಳಿಕೊಂಡು ಬಂದ ಕರೆಗಳನ್ನು ತನ್ನ ಗಂಡನಿಗೆ ಜೋಡಿಸುತ್ತಿದ್ದಳೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಕಥೆಯ ವಿವರಗಳು ಏನೇ ಇರಲಿ, ತನಗೆ ಬರಬೇಕಾದ ಕರೆಗಳು ತನಗೆ ತಲುಪುತ್ತಿಲ್ಲವೆಂಬ ಕಳವಳ ಆತನನ್ನು ಕಾಡಿದ್ದು ನಿಜ. ಮನುಷ್ಯರ ಕೈಸೋಕದೆ ತಂತಿಗಳು ತಾವಾಗಿಯೇ ಜೋಡಣೆಯಾಗುವ ಯಂತ್ರವೊಂದನ್ನು ಆತನು ರೂಪಿಸಿ 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. 1892ರ ನವೆಂಬರ್‌ನಲ್ಲಿ ಇಂಡಿಯಾನ ಸಂಸ್ಥಾನದ ಲ ಪೋರ್ಟ್ ಎಂಬ ಊರಿನಲ್ಲಿ ಆ ಪದ್ಧತಿಯ ವಿನಿಮಯ ಕೇಂದ್ರ ಕಾರ್ಯಾರಂಭ ಮಾಡಿತು. ಈ ಪದ್ಧತಿ ಜಗತ್ತಿನಾದ್ಯಂತ ಹರಡಿತು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿಯೂ ಸ್ಟ್ರೌಜರ್ ಮಾದರಿಯ ಯಂತ್ರಗಳು ಬಹುಕಾಲ ತಯಾರಾದವು. ಕೆಲವು ಕರೆಗಳನ್ನು ಕಳೆದುಕೊಂಡ ಒಬ್ಬ ಸಣ್ಣ ವ್ಯಾಪಾರಿಯ ಸಂಕಟದಿಂದ ಇಷ್ಟು ದೊಡ್ಡ ಬದಲಾವಣೆ ಉಂಟಾಯಿತು.

ಸ್ಟ್ರೌಜರನ ಯಂತ್ರ ಕರೆಯನ್ನು ಸರಿಯಾದ ಮನೆಗೆ ಮುಟ್ಟಿಸಿತು. ಆ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದು ಏನನ್ನೂ ಮಾಡಲಾರದು. ಈ ಕೊರತೆಯನ್ನು ತುಂಬಲು ಮೊದಲು ಯತ್ನಿಸಿದವರಲ್ಲಿ ಡೆನ್ಮಾರ್ಕ್ ದೇಶದ ವಾಲ್ಡೆಮಾರ್ ಪೌಲ್ಸನ್ ಪ್ರಮುಖನು. ಆತನು ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿ ಕೆಲಸಕ್ಕಿದ್ದನು. 1898ರಲ್ಲಿ ಆತನು 'ಟೆಲಿಗ್ರಾಫೋನ್' ಎಂಬ ಉಪಕರಣವನ್ನು ನಿರ್ಮಿಸಿದನು. ಅದರ ತತ್ತ್ವ ಸರಳವಾದುದು. ಮಾತನಾಡಿದಾಗ ದೂರವಾಣಿಯ ತಂತಿಯಲ್ಲಿ ಹರಿಯುವ ವಿದ್ಯುತ್ತು ಧ್ವನಿಗೆ ತಕ್ಕಂತೆ ಏರಿಳಿಯುತ್ತದೆ. ಈ ವಿದ್ಯುತ್ತನ್ನು ಒಂದು ಪುಟ್ಟ ವಿದ್ಯುತ್ಕಾಂತದ ಮೂಲಕ ಹರಿಸಿ, ಆ ಕಾಂತದ ಮುಂದೆ ಉಕ್ಕಿನ ತಂತಿಯೊಂದನ್ನು ಓಡಿಸಿದರೆ, ತಂತಿಯ ಮೇಲೆ ಹೆಚ್ಚುಕಡಮೆಯಾದ ಕಾಂತತೆಯ ಗುರುತುಗಳು ಉಳಿಯುತ್ತವೆ. ಅನಂತರ ಅದೇ ತಂತಿಯನ್ನು ಕಾಂತದ ಮುಂದೆ ಮತ್ತೆ ಓಡಿಸಿದರೆ, ಆ ಗುರುತುಗಳು ವಿದ್ಯುತ್ತನ್ನು ಹುಟ್ಟಿಸಿ ಮೊದಲಿನ ಮಾತನ್ನೇ ನುಡಿಸುತ್ತವೆ. 1900ರಲ್ಲಿ ಪ್ಯಾರಿಸ್ ನಗರದ ವಸ್ತುಪ್ರದರ್ಶನದಲ್ಲಿ ಈ ಉಪಕರಣವನ್ನು ಪ್ರದರ್ಶಿಸಲಾಯಿತು. ಅಲ್ಲಿ ಆಸ್ಟ್ರಿಯದ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಆಡಿದ ಮಾತುಗಳು ಇಂದಿಗೂ ಉಳಿದುಬಂದಿವೆ. ಮನೆಯಲ್ಲಿ ಯಾರೂ ಇಲ್ಲದಾಗ ಬಂದ ಕರೆಯ ಮಾತುಗಳನ್ನು ಹಿಡಿದಿಡುವುದು ಪೌಲ್ಸನನ ಉದ್ದೇಶವಾಗಿದ್ದಿತು. ಆದರೆ ಕ್ಷೀಣವಾದ ಧ್ವನಿಯನ್ನು ದೊಡ್ಡದು ಮಾಡುವ ಸಾಧನ ಆಗ ಇರಲಿಲ್ಲ. ಆದುದರಿಂದ ಯಂತ್ರವು ಕೂಡಲೇ ಬಳಕೆಗೆ ಬರಲಿಲ್ಲ. ಮುಂದೆ ಕಾಂತೀಯ ಟೇಪು ಬಂದ ಮೇಲೆ ಇದೇ ತತ್ತ್ವದಿಂದ ಕರೆಗೆ ಉತ್ತರಿಸುವ ಯಂತ್ರಗಳು ತಯಾರಾದವು.

ಟೇಪಿನ ಯಂತ್ರಕ್ಕೆ ಮಿತಿಗಳಿದ್ದವು. ಒಂದು ಯಂತ್ರ ಒಂದೇ ಕಡೆಯಲ್ಲಿರಬೇಕು; ಟೇಪು ಸವೆಯುತ್ತದೆ; ಮೂರನೆಯ ಸಂದೇಶವನ್ನು ಕೇಳಲು ಮೊದಲೆರಡನ್ನು ದಾಟಬೇಕು. ಅಮೆರಿಕದ ಕಚೇರಿಗಳಲ್ಲಿ ಕರೆಗಳ ವಿವರಗಳನ್ನು ಗುಲಾಬಿ ಬಣ್ಣದ ಚೀಟಿಗಳಲ್ಲಿ ಬರೆದಿಡುವ ವಾಡಿಕೆಯಿದ್ದಿತು. ಚೀಟಿಗಳು ಕಳೆಯುತ್ತಿದ್ದವು, ಬರೆದ ಸಂಖ್ಯೆಗಳು ತಪ್ಪುತ್ತಿದ್ದವು. ಈ ತೊಂದರೆಗೆ ಪರಿಹಾರವಾಗಿ ಗೋರ್ಡನ್ ಮ್ಯಾಥ್ಯೂಸ್ ಎಂಬಾತನು ಗಣಕಯಂತ್ರದಲ್ಲಿ ಧ್ವನಿಯನ್ನು ಶೇಖರಿಸಿ, ಯಾರ ಸಂದೇಶವನ್ನು ಅವರಿಗೇ ತಲುಪಿಸುವ ವ್ಯವಸ್ಥೆಯನ್ನು ರೂಪಿಸಿ 1979ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. 1983ರಲ್ಲಿ ಪೇಟೆಂಟ್ ದೊರೆಯಿತು. ಇದನ್ನೇ ಇಂದು 'ವಾಯ್ಸ್‌ಮೇಲ್' ಎಂದು ಕರೆಯುತ್ತಾರೆ. ಕನ್ನಡದಲ್ಲಿ 'ಧ್ವನಿ ಅಂಚೆ' ಎನ್ನಬಹುದು.

ಧ್ವನಿಯು ಗಣಕಯಂತ್ರದೊಳಗೆ ಸೇರುವುದು ಹೇಗೆ? ಗಣಕಯಂತ್ರಕ್ಕೆ ಅಂಕಿಗಳ ಹೊರತು ಬೇರೇನೂ ತಿಳಿಯದು. ಆದುದರಿಂದ ಧ್ವನಿಯನ್ನು ಅಂಕಿಗಳನ್ನಾಗಿ ಮಾರ್ಪಡಿಸಬೇಕು. ಧ್ವನಿಯ ಅಲೆಯ ಎತ್ತರವನ್ನು ಒಂದು ಸೆಕೆಂಡಿನಲ್ಲಿ 8,000 ಸಲ ಅಳೆಯುತ್ತಾರೆ. ಪ್ರತಿಯೊಂದು ಅಳತೆಯನ್ನೂ 256 ಮೆಟ್ಟಿಲುಗಳುಳ್ಳ ಏಣಿಯೊಂದರ ಯಾವುದಾದರೂ ಒಂದು ಮೆಟ್ಟಿಲಿಗೆ ಹೊಂದಿಸುತ್ತಾರೆ. ದ್ವಿಮಾನ ಪದ್ಧತಿಯಲ್ಲಿ ಇಂಥ ಒಂದು ಮೆಟ್ಟಿಲನ್ನು ಸೂಚಿಸಲು ಸೊನ್ನೆ ಮತ್ತು ಒಂದುಗಳಿಂದ ಕೂಡಿದ ಎಂಟು ಸ್ಥಾನಗಳು ಸಾಕು. ಹೀಗೆ ಒಂದು ಸೆಕೆಂಡಿನ ಮಾತು 64,000 ಸೊನ್ನೆ-ಒಂದುಗಳ ಸಾಲಾಗುತ್ತದೆ. ಅಂಕಿಗಳಾಗಿ ಮಾರ್ಪಟ್ಟ ಮಾತು ಸವೆಯುವುದಿಲ್ಲ. ಅದನ್ನು ಎಷ್ಟು ಸಲ ಬೇಕಾದರೂ ಪ್ರತಿಮಾಡಬಹುದು. ಬೇಕಾದ ಸಂದೇಶವನ್ನು ನೇರವಾಗಿ ಆರಿಸಿ ಕೇಳಬಹುದು.

ಕರೆ ಮಾಡಿದವರು ಯಂತ್ರಕ್ಕೆ ತಮ್ಮ ಇಚ್ಛೆಯನ್ನು ತಿಳಿಸುವುದಕ್ಕೂ ಒಂದು ಜಾಣ ಉಪಾಯವಿದೆ. 1963ರಲ್ಲಿ ಅಮೆರಿಕದಲ್ಲಿ ಗುಂಡಿಗಳನ್ನು ಒತ್ತುವ ದೂರವಾಣಿ ಬಳಕೆಗೆ ಬಂದಿತು. ಅದರ ಒಂದೊಂದು ಗುಂಡಿಯನ್ನು ಒತ್ತಿದಾಗಲೂ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಅಡ್ಡಸಾಲಿಗೆ ಒಂದು ಸ್ವರ, ಕಂಬಸಾಲಿಗೆ ಇನ್ನೊಂದು ಸ್ವರ. ಉದಾಹರಣೆಗೆ, ಐದರ ಗುಂಡಿಯನ್ನು ಒತ್ತಿದರೆ ಸೆಕೆಂಡಿಗೆ 770 ಕಂಪನಗಳ ಸ್ವರವೂ 1,336 ಕಂಪನಗಳ ಸ್ವರವೂ ಕೂಡಿ ಕೇಳಿಸುತ್ತವೆ. ಮನುಷ್ಯನ ಮಾತಿನಲ್ಲಿ ಕರಾರುವಾಕ್ಕಾಗಿ ಈ ಜೋಡಿ ಮೂಡುವುದು ಅಪರೂಪ. ಆದುದರಿಂದ ಯಂತ್ರವು ಮಾತಿಗೂ ಗುಂಡಿಗೂ ಇರುವ ಭೇದವನ್ನು ತಿಳಿದುಕೊಳ್ಳುತ್ತದೆ. 'ಹೊಸ ಕೆಲಸಕ್ಕೆ ಒಂದನ್ನು ಒತ್ತಿ' ಎಂಬಂಥ ಸೂಚನೆಗಳೆಲ್ಲವೂ ಈ ಸ್ವರಗಳನ್ನೇ ಆಧರಿಸಿವೆ.

ಇಂಥ ವ್ಯವಸ್ಥೆಗಳು ಬಹುಕಾಲ ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದವು. ಇಲ್ಲಿಯೂ ಒಬ್ಬ ಸಣ್ಣ ಉದ್ಯಮಿಯ ಬಡತನವೇ ಬಾಗಿಲು ತೆರೆಯಿತು. 1999ರಲ್ಲಿ ಅಮೆರಿಕದ ಅಲಬಾಮ ಸಂಸ್ಥಾನದಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ಪುಟ್ಟದೊಂದು ಕಂಪನಿಯನ್ನು ನಡೆಸುತ್ತಿದ್ದನು. ಕಂಪನಿಗೆ ಬರುವ ಕರೆಗಳನ್ನು ಹಂಚಲು ಆತನಿಗೆ ದೂರವಾಣಿ ವ್ಯವಸ್ಥೆಯೊಂದು ಬೇಕಾಗಿದ್ದಿತು. ಅದನ್ನು ಕೊಳ್ಳುವಷ್ಟು ಹಣ ಆತನಲ್ಲಿರಲಿಲ್ಲ. ಆದುದರಿಂದ ಸಾಮಾನ್ಯ ಗಣಕಯಂತ್ರವೊಂದೇ ಆ ಕೆಲಸವನ್ನೆಲ್ಲ ಮಾಡುವಂತೆ ತಾನೇ ಒಂದು ತಂತ್ರಾಂಶವನ್ನು ಬರೆದನು. ಅದಕ್ಕೆ 'ಆಸ್ಟರಿಸ್ಕ್' ಎಂದು ಹೆಸರಿಟ್ಟು, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು ಎಂದು ಎಲ್ಲರಿಗೂ ಬಿಟ್ಟುಕೊಟ್ಟನು. ಇಂದು ಸಣ್ಣ ಅಂಗಡಿಗಳಿಗೂ ಕರೆ ಉತ್ತರಿಸುವ ಸೌಲಭ್ಯ ದೊರೆಯುತ್ತಿರುವುದಕ್ಕೆ ಇಂಥ ಉದಾರ ಕಾರ್ಯಗಳೂ ಕಾರಣವಾಗಿವೆ.

ನಮ್ಮ ದೇಶದಲ್ಲಿ ಹಳ್ಳಿಗಳಿಗೆ ದೂರವಾಣಿಯನ್ನು ತಲುಪಿಸುವುದೇ ಬಹುಕಾಲ ದೊಡ್ಡ ಸಮಸ್ಯೆಯಾಗಿದ್ದಿತು. ವಿದೇಶದಿಂದ ತಂದ ಯಂತ್ರಗಳಿಗೆ ತಂಪಾದ, ಧೂಳಿಲ್ಲದ ಕೊಠಡಿಗಳು ಬೇಕಾಗುತ್ತಿದ್ದವು. 1984ರಲ್ಲಿ ಭಾರತ ಸರಕಾರವು ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಸೆಕೆ, ಧೂಳುಗಳನ್ನು ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ಕೆಲಸ ಮಾಡುವ ಪುಟ್ಟ ವಿನಿಮಯ ಕೇಂದ್ರವನ್ನು ಅಲ್ಲಿನ ಎಂಜಿನಿಯರುಗಳು ರೂಪಿಸಿದರು. ಅಂಥ ಮೊದಲ ಕೇಂದ್ರವು 1986ರ ಜುಲೈ ತಿಂಗಳಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿದ್ದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 1995ರಲ್ಲಿ ಭಾರತದಲ್ಲಿ ಮೊಬೈಲ್ ದೂರವಾಣಿ ಸೇವೆ ಪ್ರಾರಂಭವಾಯಿತು. ಈಗ ಸಣ್ಣ ಕಸುಬುದಾರರ ಬಳಿಯಲ್ಲಿಯೂ ಫೋನು ಇದೆ. ಇಂದಿನ ಪ್ರಶ್ನೆ ಫೋನು ಇದೆಯೇ ಎಂಬುದಲ್ಲ, ಅದಕ್ಕೆ ಉತ್ತರ ಬರುತ್ತದೆಯೇ ಎಂಬುದು.

ಸಣ್ಣ ಅಂಗಡಿಯೊಂದರಲ್ಲಿ ಈ ವ್ಯವಸ್ಥೆಯನ್ನು ಏರ್ಪಡಿಸುವ ಕ್ರಮವನ್ನು ಈಗ ನೋಡಬಹುದು. ಮೊದಲು ಮಾಡಬೇಕಾದ ಕೆಲಸ ಎಣಿಕೆ. ಒಂದು ವಾರ ಕಾಲ ಯಾವ ಹೊತ್ತಿನಲ್ಲಿ ಎಷ್ಟು ಕರೆಗಳು ಬಂದವು, ಒಂದೊಂದೂ ಎಷ್ಟು ಹೊತ್ತು ನಡೆಯಿತು, ಎಷ್ಟು ತಪ್ಪಿಹೋದವು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಈ ಎಣಿಕೆಯಿಲ್ಲದೆ ಮಾಡಿದ ಏರ್ಪಾಡು ಅಳತೆಯಿಲ್ಲದೆ ಹೊಲಿದ ಅಂಗಿಯಂತಾಗುತ್ತದೆ.

ಎಣಿಕೆಯಿಂದ ಎಷ್ಟು ಲೈನುಗಳು ಬೇಕೆಂಬುದು ತಿಳಿಯುತ್ತದೆ. ಇಲ್ಲಿ ಮನಸ್ಸು ಸುಲಭವಾಗಿ ಮೋಸಹೋಗುತ್ತದೆ. ಬೆಳಗಿನ ಒಂದು ಗಂಟೆಯ ಅವಧಿಯಲ್ಲಿ 20 ಕರೆಗಳು ಬರುತ್ತವೆ, ಒಂದೊಂದೂ ಸರಾಸರಿ 3 ನಿಮಿಷ ನಡೆಯುತ್ತದೆ ಎಂದಿಟ್ಟುಕೊಂಡರೆ ಒಟ್ಟು ಮಾತು 60 ನಿಮಿಷ. ಒಂದು ಗಂಟೆಗೂ 60 ನಿಮಿಷಗಳೇ. ಆದುದರಿಂದ ಒಂದು ಲೈನು ಸಾಕೆಂದು ತೋರುತ್ತದೆ. ಆದರೆ ಕರೆಗಳು ಸಾಲಾಗಿ ನಿಂತು ಒಂದರ ಹಿಂದೆ ಒಂದು ಬರುವುದಿಲ್ಲ. ಕೆಲವು ಒಟ್ಟಿಗೆ ನುಗ್ಗುತ್ತವೆ; ಕೆಲವು ಹೊತ್ತು ಒಂದೂ ಬರುವುದಿಲ್ಲ. ಪೌಲ್ಸನನು ಕೆಲಸ ಮಾಡಿದ ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿಯೇ ಮುಂದೆ ಸೇವೆ ಸಲ್ಲಿಸಿದ ಆಗ್ನರ್ ಎರ್ಲಾಂಗ್ ಎಂಬ ಗಣಿತಜ್ಞನು ಇದನ್ನು ಆಳವಾಗಿ ಅಭ್ಯಾಸ ಮಾಡಿ 1917ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದನು. ಲೈನು ಬಿಡುವಿಲ್ಲದಾಗ ಬಂದ ಕರೆ ಕಾಯದೆ ಹೊರಟುಹೋಗುತ್ತದೆಯೆಂದು ಭಾವಿಸಿ ಲೆಕ್ಕ ಹಾಕಿದರೆ, ಮೇಲಿನ ಉದಾಹರಣೆಯಲ್ಲಿ ಒಂದೇ ಲೈನಿದ್ದರೆ ನೂರಕ್ಕೆ 50 ಕರೆಗಳು ತಪ್ಪಿಹೋಗುತ್ತವೆ. ಎರಡು ಲೈನುಗಳಿದ್ದರೆ ನೂರಕ್ಕೆ 20, ಮೂರಿದ್ದರೆ ಸುಮಾರು 6, ನಾಲ್ಕಿದ್ದರೆ ಎರಡಕ್ಕಿಂತ ಕಡಮೆ. ಎರಡನೆಯ ಲೈನಿನಿಂದ ಆಗುವ ಲಾಭ ಬಹಳ ದೊಡ್ಡದು. ನಾಲ್ಕನೆಯದರಿಂದ ಆಗುವ ಲಾಭ ಅಲ್ಪ. ಸಣ್ಣ ಅಂಗಡಿಯವನು ಹಣ ಹಾಕುವ ಮೊದಲು ತಿಳಿದಿರಬೇಕಾದ ಮಾತಿದು. ಹಲವು ಲೈನುಗಳನ್ನು ಒಂದೇ ಸಂಖ್ಯೆಯ ಹಿಂದೆ ಜೋಡಿಸಲು ಅಂಗಡಿಯಲ್ಲಿಯೇ ಪುಟ್ಟ ವಿನಿಮಯ ಯಂತ್ರವನ್ನು ಇಟ್ಟುಕೊಳ್ಳಬಹುದು. ಇಲ್ಲವೇ ಇಂಟರ್‌ನೆಟ್ಟಿನ ಮೂಲಕ ಈ ಸೇವೆ ಒದಗಿಸುವ ಸಂಸ್ಥೆಗಳಿಗೆ ತಿಂಗಳಿಗಿಷ್ಟೆಂದು ಹಣ ಕೊಡಬಹುದು. ಇಬ್ಬರು ಮೂವರು ದುಡಿಯುವ ಅಂಗಡಿಗೆ ಎರಡನೆಯದು ಹಗುರ.

ಎರಡನೆಯ ಹೆಜ್ಜೆ, ಕರೆಯು ನಡೆಯಬೇಕಾದ ದಾರಿಯನ್ನು ಗೊತ್ತುಮಾಡುವುದು. ಮೊದಲು ಅಂಗಡಿಯ ಫೋನು ಬಾರಿಸಲಿ. ಸುಮಾರು 20 ಸೆಕೆಂಡು ಯಾರೂ ಎತ್ತದಿದ್ದರೆ, ಅಥವಾ ಲೈನು ಬಿಡುವಿಲ್ಲದಿದ್ದರೆ, ಅಂಗಡಿಯ ಇನ್ನೊಬ್ಬರ ಫೋನಿಗೆ ಹೋಗಲಿ. ಅವರೂ ಎತ್ತದಿದ್ದರೆ ಧ್ವನಿ ಅಂಚೆಗೆ ಸೇರಲಿ. ಯಂತ್ರವು ಮನುಷ್ಯನಿಗಿಂತ ಮುಂದೆ ನಿಲ್ಲಬಾರದು. ಮನುಷ್ಯನು ಇಲ್ಲದಾಗ ಮಾತ್ರ ನಿಲ್ಲಬೇಕು. ರಾತ್ರಿಯ ಹೊತ್ತಿಗೂ ರಜೆಯ ದಿನಗಳಿಗೂ ಬೇರೆ ದಾರಿಯನ್ನು ಗೊತ್ತುಮಾಡಬಹುದು. ಔಷಧದ ಅಂಗಡಿ, ಆಂಬ್ಯುಲೆನ್ಸ್ ಸೇವೆ ಮುಂತಾದ ಪ್ರಾಣಸಂಬಂಧವಾದ ಕಸುಬುಗಳಲ್ಲಿ ಕರೆಯ ಕೊನೆಯ ಆಶ್ರಯ ಯಂತ್ರವಾಗಿರದೆ ಮನುಷ್ಯನೇ ಆಗಿರುವುದು ಅವಶ್ಯಕ.

ಮೂರನೆಯದು ಸ್ವಾಗತದ ನುಡಿ. ನಮ್ಮ ದೇಶದಲ್ಲಿ ಧ್ವನಿ ಅಂಚೆಯ ಬಳಕೆ ಅಷ್ಟಾಗಿ ರೂಢಿಗೆ ಬಂದಿಲ್ಲ. ಯಂತ್ರದ ಸ್ವರ ಕೇಳಿದೊಡನೆಯೇ ಫೋನು ಇಟ್ಟುಬಿಡುವವರು ಅನೇಕರು. ಅವರನ್ನು ತಡೆದು ನಿಲ್ಲಿಸುವುದು ಮೊದಲ ಕೆಲವು ಮಾತುಗಳು ಮಾತ್ರ. ಪಂಪ್‌ಸೆಟ್ ಅಂಗಡಿಯ ನುಡಿ ಹೀಗಿರಬಹುದು: 'ನಮಸ್ಕಾರ. ಇದು ಪಂಪ್‌ಸೆಟ್ ದುರಸ್ತಿ ಅಂಗಡಿ. ಈಗ ಕೆಲಸಕ್ಕೆ ಹೊರಗೆ ಹೋಗಿದ್ದೇವೆ. ಸದ್ದು ಕೇಳಿದ ಮೇಲೆ ನಿಮ್ಮ ಹೆಸರು, ಊರು, ಫೋನ್ ನಂಬರು, ಮೋಟಾರಿಗೆ ಏನಾಗಿದೆ ಎಂಬುದನ್ನು ಹೇಳಿ. ಸಂಜೆ ಆರು ಗಂಟೆಯೊಳಗೆ ನಾವೇ ಫೋನ್ ಮಾಡುತ್ತೇವೆ.' ಇಷ್ಟು ಹೇಳಲು ಹೆಚ್ಚು ಹೊತ್ತು ಬೇಡ. ಆದರೆ ಇದರಲ್ಲಿ ನಾಲ್ಕು ಸಂಗತಿಗಳಿವೆ. ಕರೆದವರು ಸರಿಯಾದ ಕಡೆಗೇ ಕರೆದಿದ್ದಾರೆಂಬ ಭರವಸೆ, ಈಗ ಏಕೆ ಉತ್ತರವಿಲ್ಲವೆಂಬ ಕಾರಣ, ಅವರು ಏನನ್ನು ಹೇಳಬೇಕೆಂಬ ಸೂಚನೆ, ಯಾವಾಗ ಉತ್ತರ ಬರುತ್ತದೆಂಬ ಮಾತು. ಸಂಗೀತ, ಜಾಹೀರಾತು, ಹೊಗಳಿಕೆಗಳಿಗೆ ಇಲ್ಲಿ ಸ್ಥಳವಿಲ್ಲ. ಅಂಗಡಿಯ ಮಾಲೀಕರದೇ ಧ್ವನಿ, ಊರಿನವರದೇ ಮಾತು ಇದ್ದರೆ ಕೇಳುವವರಿಗೆ ಸಂಕೋಚ ಕಡಮೆಯಾಗುತ್ತದೆ.

ಗುಂಡಿಗಳ ಸೂಚನೆ ಬೇಕಾದರೆ ಅದು ಎರಡು ಮೂರಕ್ಕೆ ಮೀರಬಾರದು. 'ಒಂದನ್ನು ಒತ್ತಿ, ಹೊಸ ಕೆಲಸಕ್ಕೆ' ಎನ್ನುವುದಕ್ಕಿಂತ 'ಹೊಸ ಕೆಲಸಕ್ಕೆ ಒಂದನ್ನು ಒತ್ತಿ' ಎನ್ನುವುದು ಮೇಲು. ಕೇಳುವವರು ಮೊದಲು ತಮ್ಮ ಕೆಲಸವನ್ನು ಗುರುತಿಸಿಕೊಳ್ಳುತ್ತಾರೆ. ಅನಂತರ ಬಂದ ಅಂಕಿ ನೆನಪಿನಲ್ಲಿ ಹಸಿಯಾಗಿರುತ್ತದೆ. ಯಾವ ಗುಂಡಿಯನ್ನೂ ಒತ್ತದೆ ಸುಮ್ಮನಿರುವವರೂ ಇರುತ್ತಾರೆ. ಅವರು ಕಣ್ಣು ಕಾಣದ ವೃದ್ಧರಿರಬಹುದು, ಅಕ್ಷರ ಬಾರದವರಿರಬಹುದು. ಅಂಥವರ ಕರೆಯನ್ನು ಯಂತ್ರವು ಕಡಿದುಹಾಕದೆ ತಾನಾಗಿಯೇ ಮನುಷ್ಯರೊಬ್ಬರಿಗೆ ತಲುಪಿಸುವಂತೆ ಏರ್ಪಡಿಸಬೇಕು.

ನಾಲ್ಕನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯವಾದುದು. ಸಂದೇಶಗಳನ್ನು ಕೇಳಿ, ಬರೆದುಕೊಂಡು, ತಿರುಗಿ ಕರೆಮಾಡುವ ಹೊಣೆ ಯಾರದೆಂದು ಗೊತ್ತುಮಾಡಬೇಕು. ಒಂದು ಪುಸ್ತಕದಲ್ಲಿ ಕರೆ ಬಂದ ಹೊತ್ತು, ಹೆಸರು, ಊರು, ಕೆಲಸ, ತಿರುಗಿ ಕರೆದ ಹೊತ್ತು ಎಂಬ ಐದು ಅಂಕಣಗಳಿದ್ದರೆ ಸಾಕು. ಐದನೆಯ ಅಂಕಣ ಖಾಲಿ ಉಳಿದಷ್ಟು ಹೊತ್ತೂ ಆ ಕೆಲಸ ಮುಗಿದಿಲ್ಲ. ಸಂಜೆ ಆರರೊಳಗೆ ಕರೆಯುತ್ತೇವೆಂದು ಯಂತ್ರದಿಂದ ಹೇಳಿಸಿ, ಕರೆಯದೆ ಹೋದರೆ ಅದಕ್ಕಿಂತ ಫೋನು ಸುಮ್ಮನೆ ಬಾರಿಸುತ್ತಿದ್ದುದೇ ಮೇಲು. ಉತ್ತರವಿಲ್ಲದ ಫೋನು ಯಾರಿಗೂ ಮಾತು ಕೊಟ್ಟಿರಲಿಲ್ಲ. ಯಂತ್ರವು ಅಂಗಡಿಯವನ ಹೆಸರಿನಲ್ಲಿ ಮಾತು ಕೊಟ್ಟಿದೆ. ಎಲ್ಲ ಸಿದ್ಧವಾದ ಮೇಲೆ ಬೇರೊಂದು ಫೋನಿನಿಂದ ಅಂಗಡಿಗೆ ತಾವೇ ಕರೆಮಾಡಿ, ಹಗಲಿನಲ್ಲೊಮ್ಮೆ ರಾತ್ರಿಯಲ್ಲೊಮ್ಮೆ ಪರೀಕ್ಷಿಸಬೇಕು. ಹಬ್ಬ ಕಳೆದ ಮೇಲೂ 'ಹಬ್ಬದ ರಜೆ' ಎಂದೇ ನುಡಿಯುವ ಯಂತ್ರ ನಗೆಪಾಟಲಿಗೆ ಗುರಿಯಾಗುತ್ತದೆ.

ಈ ವ್ಯವಸ್ಥೆಯಲ್ಲಿ ಅಪಾಯಗಳೂ ಇಲ್ಲದಿಲ್ಲ. ಧ್ವನಿ ಅಂಚೆಗೆ ಗುಟ್ಟಿನ ಸಂಖ್ಯೆಯೊಂದಿರುತ್ತದೆ. ಕಂಪನಿಯವರು ಆರಂಭದಲ್ಲಿ ಕೊಟ್ಟ ಸಂಖ್ಯೆಯನ್ನು ಬದಲಾಯಿಸದೆ ಬಿಟ್ಟರೆ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ. ಇಂಗ್ಲೆಂಡಿನಲ್ಲಿ 'ನ್ಯೂಸ್ ಆಫ್ ದಿ ವರ್ಲ್ಡ್' ಎಂಬ ವಾರಪತ್ರಿಕೆಗಾಗಿ ಕೆಲಸ ಮಾಡುತ್ತಿದ್ದವರು ಅನೇಕರ ಧ್ವನಿ ಅಂಚೆಗಳನ್ನು ಕದ್ದು ಕೇಳುತ್ತಿದ್ದುದು ಬಯಲಾಯಿತು. ಕಾಣೆಯಾಗಿದ್ದ ಬಾಲಕಿಯೊಬ್ಬಳ ಫೋನಿನ ಸಂದೇಶಗಳನ್ನೂ ಅವರು ಕೇಳಿದ್ದರೆಂದು ತಿಳಿದಾಗ ಜನರು ರೊಚ್ಚಿಗೆದ್ದರು. 168 ವರ್ಷಗಳಿಂದ ನಡೆದುಬಂದಿದ್ದ ಆ ಪತ್ರಿಕೆ 2011ರ ಜುಲೈ ತಿಂಗಳಲ್ಲಿ ಮುಚ್ಚಿಹೋಯಿತು. ಇನ್ನೊಂದು ಅಪಾಯ ಕರೆಗಳನ್ನು ಬೇರೆಡೆಗೆ ತಿರುಗಿಸುವ ಸೌಲಭ್ಯದಲ್ಲಿದೆ. ವಂಚಕರು ಏನಾದರೊಂದು ನೆಪ ಹೇಳಿ, ಕೆಲವು ಅಂಕಿಗಳನ್ನು ಒತ್ತುವಂತೆ ಮಾಡಿ, ಜನರ ಕರೆಗಳು ತಮ್ಮ ಫೋನಿಗೆ ಬರುವಂತೆ ಮಾಡಿಕೊಳ್ಳುತ್ತಿದ್ದರು. ಈ ಕಾರಣದಿಂದ ಭಾರತದ ದೂರಸಂಪರ್ಕ ಇಲಾಖೆಯು ಆ ಬಗೆಯ ಸಂಕೇತ ಸಂಖ್ಯೆಗಳ ಬಳಕೆಯನ್ನು 2024ರ ಏಪ್ರಿಲ್ ತಿಂಗಳಿಂದ ತಡೆಹಿಡಿಯುವಂತೆ ಕಂಪನಿಗಳಿಗೆ ಸೂಚಿಸಿತು. ಅಪರಿಚಿತರ ಮಾತು ಕೇಳಿ ಯಾವ ಅಂಕಿಯನ್ನೂ ಒತ್ತಬಾರದು. ಗ್ರಾಹಕರ ಹೆಸರು, ಊರು, ಸಂಖ್ಯೆಗಳು ಅಂಗಡಿಯವನಿಗೆ ಕೆಲಸಕ್ಕಾಗಿ ಒಪ್ಪಿಸಿದ ಸಂಗತಿಗಳು. ಅವುಗಳನ್ನು ಮತ್ತೊಬ್ಬರಿಗೆ ಕೊಡುವುದು ನಂಬಿಕೆದ್ರೋಹ. ಇಂಥ ವಿವರಗಳ ರಕ್ಷಣೆಗಾಗಿ 2023ರಲ್ಲಿ ನಮ್ಮ ಸಂಸತ್ತು ಕಾಯಿದೆಯೊಂದನ್ನು ಅಂಗೀಕರಿಸಿದೆ.

ಯಂತ್ರವು ಮಾತನ್ನು ಹಿಡಿದಿಡಬಲ್ಲುದು. ಮಾತಿನ ಹಿಂದಿನ ಅವಸರವನ್ನು ಅಳೆಯಲಾರದು. 'ಮೋಟಾರು ಕೆಟ್ಟಿದೆ' ಎಂಬ ಒಂದೇ ಮಾತನ್ನು ಇಬ್ಬರು ಹೇಳಿದಾಗ, ಒಬ್ಬನ ಬೆಳೆ ನಾಳೆಯವರೆಗೆ ತಡೆಯಬಹುದು, ಇನ್ನೊಬ್ಬನದು ಇಂದೇ ಬಾಡಬಹುದು. ಧ್ವನಿಯನ್ನು ಕೇಳಿ ಅದನ್ನು ಗ್ರಹಿಸಿ, ಯಾರ ಬಾವಿಗೆ ಮೊದಲು ಹೋಗಬೇಕೆಂದು ನಿರ್ಧರಿಸುವವನು ಮನುಷ್ಯನೇ. ಊರಿನವರೆಲ್ಲರನ್ನೂ ಬಲ್ಲ ಆ ಹಿಂದಿನ ನಿರ್ವಾಹಕಿಯ ವಿವೇಕವನ್ನು ಯಾವ ಯಂತ್ರಕ್ಕೂ ಒಪ್ಪಿಸಲು ಬರುವುದಿಲ್ಲ. ಕೈ ಬಿಡುವಿಲ್ಲದ ಕಸುಬುದಾರನಿಗೆ ಯಂತ್ರವು ಸ್ವಲ್ಪ ಕಾಲಾವಕಾಶವನ್ನು ಸಂಪಾದಿಸಿಕೊಡುತ್ತದೆ. 'ಬಂದೆ' ಎಂಬ ಮಾತನ್ನು ಅವನ ಪರವಾಗಿ ಅದು ಹೇಳುತ್ತದೆ. ಬಂದು ಬಾಗಿಲು ತೆರೆಯಬೇಕಾದವನು ಅವನೇ.

ಅಭ್ಯಾಸ

1. ಸ್ಟ್ರೌಜರನು ತನ್ನ ಯಂತ್ರವನ್ನು ರೂಪಿಸಲು ಕಾರಣವೇನು?
2. ಟೆಲಿಗ್ರಾಫೋನಿನ ತತ್ತ್ವವನ್ನು ವಿವರಿಸಿ. ಅದು ಕೂಡಲೇ ಬಳಕೆಗೆ ಬಾರದಿರಲು ಕಾರಣವೇನು?
3. ಒಂದು ಗಂಟೆಯಲ್ಲಿ 60 ನಿಮಿಷಗಳ ಮಾತಿಗೆ ಒಂದು ಲೈನು ಏಕೆ ಸಾಲದು?
4. 'ಯಂತ್ರವು ಅಂಗಡಿಯವನ ಹೆಸರಿನಲ್ಲಿ ಮಾತು ಕೊಟ್ಟಿದೆ.' ಈ ವಾಕ್ಯದ ಅಭಿಪ್ರಾಯವನ್ನು ವಿಸ್ತರಿಸಿ ಬರೆಯಿರಿ.
5. ನಿಮ್ಮ ಊರಿನ ಹೊಲಿಗೆ ಅಂಗಡಿಯೊಂದಕ್ಕೆ ತಕ್ಕ ಸ್ವಾಗತದ ನುಡಿಯನ್ನು ಐದು ವಾಕ್ಯಗಳಲ್ಲಿ ರಚಿಸಿ.